ಮೊದಲು ಎತ್ತಿದ ಕೈ

"ಅಂಗಡಿ ಬಂದ್ ಮಾಡಾಕತ್ತೀನ್ರಿ. ಮೋಟಾರ್ ಇದ್ರ ನಾಳಿ ತೊಗೊಂಡು ಬರ್ರಿ."

ತಲೆ ಎತ್ತದೆಯೇ ಹೇಳಿದ ದತ್ತು. ಅವನ ಕೈ ತಾಮ್ರದ ತಂತಿ ಸುತ್ತುತ್ತಲೇ ಇತ್ತು.

"ಮೋಟಾರ್ ಇಲ್ಲ... ನಾ ಬಂದೀನಿ."

ಕೈ ನಿಂತಿತು.

ನಾಲ್ಕು ತಿಂಗಳಾಗಿತ್ತು ಆ ದನಿ ಕೇಳಿ! ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಅಂಗಡಿಯ ಬಾಗಿಲಲ್ಲಿ ರೂಪಾಲಿ ನಿಂತಿದ್ದಳು. ಹುಮನಾಬಾದಿನಿಂದ ಬರುವಾಗ ಬಸ್ಸಿನಲ್ಲಿ ಏನು ಹೇಳಬೇಕೆಂದು ಇಪ್ಪತ್ತು ಸಲ ಕಲಿತಿದ್ದಳು. ಅದಕ್ಕೆ ಬಾಯಿ ತೆಗೆಯುವ ಮೊದಲೇ ಪ್ರಶ್ನೆ ಬಂತು.

"ಸೆಕ್ರೆಟರಿ ಮೇಡಮ್ಮೋರು ಇಷ್ಟು ದೂರ ಯಾಕ ಬಂದ್ರಿ?" ಎಂದ ದತ್ತು.

ಮೇಡಮ್! ಆ ಒಂದು 'ರಿ' ಅವಳ ಎದೆಗೆ ಚುಚ್ಚಿತು. 'ರೂಪಿ' ಎಂದು ಕರೆಯುತ್ತಿದ್ದವನ ಬಾಯಿ ಇದು.

ಇವರಿಬ್ಬರ ಹಿಂದಿನ ಕಥೆ ಹೇಳದೆ ಮುಂದೆ ಹೋದರೆ ನೀವು ನನ್ನನ್ನೇ ಬೈಯುತ್ತೀರಿ. ಹೇಳಿಬಿಡುತ್ತೇನೆ, ಕೇಳಿ.

ಹುಮನಾಬಾದಿನ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಹೆಂಗಸರ ಸಂಘಕ್ಕೆ ರೂಪಾಲಿ ಸೆಕ್ರೆಟರಿ. "ಕೆಂಪು ಬಾವುಟ ಬೇಕೋ, ಮನಿ ಬೇಕೋ?" ಎಂದು ತನ್ನೂರು ದುಬಲಗುಂಡಿಯಲ್ಲಿ ಅಪ್ಪ ಕೇಳಿದಾಗ ಚೀಲ ಹೆಗಲಿಗೆ ಹಾಕಿಕೊಂಡು ಬಂದವಳು. ಸಂಘದ ಆಫೀಸಿನ ಹಿಂದಿನ ಕೋಣೆಯೇ ಅವಳ ಮನೆ. ಮಿಲ್ಲಿನ ಮೋಟಾರು ರಿಪೇರಿಗೆ ಬಂದು, ಅಲ್ಲಿನ ಹೆಂಗಸರ ಪಾಡು ನೋಡಿ ಸಂಘ ಸೇರಿದವನು ದತ್ತು. ಇಬ್ಬರೂ ಗೋಡೆಗೆ ಪೋಸ್ಟರ್ ಹಚ್ಚುತ್ತಾ ಹಚ್ಚುತ್ತಾ ಮನಸ್ಸೂ ಹಚ್ಚಿಕೊಂಡರು. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಶೌಚಾಲಯ ಕಟ್ಟಿಸಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂದು ಒಂದು ಸೋಮವಾರ ಬೆಳಿಗ್ಗೆ ಮಿಲ್ಲಿನ ಗೇಟಿನ ಮುಂದೆ ಕೂರುವುದೆಂದು ಗುಟ್ಟಾಗಿ ತೀರ್ಮಾನವಾಗಿತ್ತು. ಸೋಮವಾರ ಹೋಗಿ ನೋಡಿದರೆ ಗೇಟಿಗೆ ಬೀಗ! ಒಳಗೆ ಬೇರೆ ಊರಿನ ಹೆಂಗಸರು ಕೆಲಸಕ್ಕೆ ಕೂತಾಗಿದೆ. ಹನ್ನೊಂದು ಮಂದಿ ಕೆಲಸ ಕಳೆದುಕೊಂಡರು.

ಸುದ್ದಿ ಮುಟ್ಟಿಸಿದವರು ಯಾರು?

ಹಿಂದಿನ ದಿನ ದತ್ತು ಮಿಲ್ಲಿನ ಲೆಕ್ಕ ಬರೆಯುವ ಮುನೀಮನ ಜೊತೆ ಹೋಟೆಲಿನಲ್ಲಿ ಮಾತಾಡಿದ್ದನ್ನು ಯಾರೋ ಕಂಡಿದ್ದರು. ಸಭೆಯಲ್ಲಿ ರೂಪಾಲಿಯೇ ಎದ್ದು, "ಯಾಕ ಹೋಗಿದ್ದಿ?" ಎಂದು ಕೇಳಿದಳು. "ಅದನ್ನ ಹೇಳಾಕ ಬರಂಗಿಲ್ಲ" ಎಂದ ದತ್ತು.

"ಸೆಕ್ರೆಟರಿಗೆ ಸಂಘ ದೊಡ್ಡದೋ, ಗೆಣೆಯ ದೊಡ್ಡವನೋ ನೋಡೂಣು" ಎಂದು ಹಿಂದಿನಿಂದ ಯಾರೋ ಕೊಂಕು ನುಡಿದರು.

ಅಷ್ಟು ಸಾಕಾಯಿತು. ದತ್ತುವನ್ನು ತೆಗೆಯಬೇಕೆಂಬ ಠರಾವಿಗೆ ಮೊದಲು ಮೇಲೆದ್ದದ್ದು ರೂಪಾಲಿಯ ಕೈ! ತಮ್ಮವರೆಂದು ರಿಯಾಯಿತಿ ತೋರಿಸಿದರು ಅಂತ ಯಾರಾದರೂ ಅಂದಾರು ಎಂಬ ಭಯಕ್ಕೆ ತಮ್ಮವರನ್ನೇ ಮೊದಲು ಕೊಯ್ಯುವ ಹುಚ್ಚು ಈ ಸಂಘದ ಮಂದಿಗೆ ಮಾತ್ರ ಇರುತ್ತದೆ ನೋಡಿ.

ದತ್ತು ಯಾಕೆ ಹೋಗಿದ್ದ ಅಂತ ನಿಮಗೆ ಮಾತ್ರ ಹೇಳುತ್ತೇನೆ. ಆ ಮುನೀಮ ಲತೀಫಾ ಎಂಬ ಕೆಲಸದವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಪೀಡಿಸುತ್ತಿದ್ದ. "ದತ್ತುಭಾಯ್, ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಗಂಡಗ ಗೊತ್ತಾದ್ರ ಮನಿಯಿಂದ ಹೊರಗ ಬಿಡಂಗಿಲ್ಲ" ಎಂದು ಅವಳು ಅತ್ತಿದ್ದಳು. ದತ್ತು ಹೋಗಿ ಮುನೀಮನಿಗೆ ಬಿಸಿ ಮುಟ್ಟಿಸಿ ಬಂದಿದ್ದ. ಕೊಟ್ಟ ಮಾತಿಗೆ ಬಾಯಿ ಮುಚ್ಚಿಕೊಂಡೇ ಸಂಘ ಬಿಟ್ಟು ಬಸವಕಲ್ಯಾಣಕ್ಕೆ ಹೋಗಿದ್ದ.

ಈಗ ಅಂಗಡಿಗೆ ಬರೋಣ.

"ದತ್ತು... ಸುದ್ದಿ ಹೋಗಿದ್ದು ನಿನ್ನಿಂದ ಅಲ್ಲ."

"ಅದು ನನಗ ಆವತ್ತೇ ಗೊತ್ತಿತ್ತು."

"ನನ್ನಿಂದ!" ಎಂದಳು ರೂಪಾಲಿ. "ಆ ಸೋಮವಾರದ ಹಿಂದಿನ ಶನಿವಾರ ಮನವಿ ಪತ್ರ ಝೆರಾಕ್ಸ್ ಮಾಡ್ಸಾಕ ಹೋಗಿದ್ದೆ. ಕಾಪಿ ತೊಗೊಂಡೆ, ಅಸಲಿ ಕಾಗದ ಮಷೀನಿನ ಗಾಜಿನ ಮ್ಯಾಲೇ ಬಿಟ್ಟು ಬಂದೆ. ಅದರಾಗ ಗೇಟಿನ ಮುಂದ ಕುಂಡ್ರೋ ತಾರೀಖು, ಟೈಮು ಎಲ್ಲಾ ಇತ್ತು. ನನ್ನ ಹಿಂದ ಬಂದವ ಮಿಲ್ಲಿನ ಮುನೀಮ... ಓದಿ ಕಿಸೇದಾಗ ಇಟ್ಕೊಂಡು ಹೋದನಂತ. ಝೆರಾಕ್ಸಿನವನೇ ಹೇಳಿದ."

"ಯಾವಾಗ ಹೇಳಿದ?"

ಈ ಪ್ರಶ್ನೆಗೇ ಅವಳು ಹೆದರಿದ್ದಳು.

"ಮೂರು ವಾರ ಆತು."

"ಮೂರು ವಾರ!" ದತ್ತು ಎದ್ದು ನಿಂತ. "ಮೂರು ವಾರ ಗೊತ್ತಿದ್ದೂ ಸುಮ್ಮನ ಇದ್ದಿ?"

"ದಿನಾ ಹೇಳಬೇಕಂತೀನಿ. ಬಾಯಿ ಬರವಲ್ದು. ಮಾಫ್ ಮಾಡು ದತ್ತು..."

"ನನ್ನ ಮುಂದ ಅತ್ತರ ಏನು ಬಂತು? ನಲವತ್ತು ಮಂದಿ ಮುಂದ ಕೈ ಎತ್ತಿದ್ದಿ. ಅವರ ಮುಂದ ಬಾಯಿ ತೆಗಿ."

"ಹೇಳಿದ್ರ ನನ್ನೂ ತೆಗೀತಾರ. ನನಗ ಬ್ಯಾರೆ ಮನಿ ಇಲ್ಲ..."

"ನನಗ ಇತ್ತೇನು?"

ದತ್ತು ಮತ್ತೆ ಕೂತು ತಂತಿ ಕೈಗೆತ್ತಿಕೊಂಡ. ಅವಳು ಬಸ್ ಸ್ಟ್ಯಾಂಡಿಗೆ ನಡೆದಳು.

*

ತಿಂಗಳ ಕೊನೆಯ ಭಾನುವಾರ ಸಂಘದಲ್ಲಿ ಆತ್ಮವಿಮರ್ಶೆಯ ಸಭೆ. ತಪ್ಪು ಮಾಡಿದವರು ಎದ್ದು ನಿಂತು ತಾವೇ ಹೇಳಬೇಕು. ಅಧ್ಯಕ್ಷೆ ಸತ್ಯಮ್ಮ ಅದಕ್ಕೊಂದು ಕಾಯಿದೆ ಮಾಡಿದ್ದಳು. ತಪ್ಪು ಹೇಳುವಾಗ 'ಆದ್ರ' ಅನ್ನುವಂತಿಲ್ಲ. 'ಆದ್ರ' ಬಂತೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ರೂಪಾಲಿ ಎದ್ದಳು. ಎದುರಿಗೆ ಕೆಲಸ ಕಳೆದುಕೊಂಡ ಸಖುಬಾಯಿ ಕೂತಿದ್ದಳು. ಮೂಲೆಯಲ್ಲಿ ಲತೀಫಾ ತಲೆ ಬಗ್ಗಿಸಿದ್ದಳು.

'ದೇವರೇ... ಇಲ್ಲಿ ದೇವರನ್ನೂ ಕರೆಯುವ ಹಾಗಿಲ್ಲ. ಹೇಳಿಬಿಡು ರೂಪಿ, ಹೇಳಿಬಿಡು!'

"ಸುದ್ದಿ ನನ್ನಿಂದ ಹೋತು. ಕಾಗದ ಝೆರಾಕ್ಸ್ ಅಂಗಡ್ಯಾಗ ಬಿಟ್ಟು ಬಂದೆ, ಮುನೀಮನ ಕೈಗೆ ಸಿಕ್ತು. ಆದ್ರ ನನಗ ಆವಾಗ ಗೊತ್ತಿರ..."

"ಮೊದಲಿಂದ" ಎಂದಳು ಸತ್ಯಮ್ಮ.

ರೂಪಾಲಿ ಕಣ್ಣು ಮುಚ್ಚಿ ತೆರೆದಳು.

"ಸುದ್ದಿ ನನ್ನಿಂದ ಹೋತು. ದತ್ತುನ ಮ್ಯಾಲ ಹಾಕಿದೆ. ಅವ ತಪ್ಪು ಮಾಡಿರಲಿಕ್ಕಿಲ್ಲಂತ ನನ್ನ ಮನಸ್ಸು ಆವತ್ತೇ ಹೇಳ್ತಿತ್ತು. ನನಗ ನಿಮ್ಮ ಬಾಯಿಂದ ಶಭಾಷ್ ಅನ್ನಿಸ್ಕೋಬೇಕಿತ್ತು, ಅದಕ್ಕ ಮೊದಲ ಕೈ ಎತ್ತಿದೆ. ಖರೇ ಗೊತ್ತಾದ ಮ್ಯಾಲೂ ಮೂರು ವಾರ ಮುಚ್ಚಿಟ್ಟೆ. ಇಷ್ಟೇ."

ಸಖುಬಾಯಿ ಬಾಯಿ ಬಿಟ್ಟಳು.

"ಕಾಗದ ಮರೆಯೋದು ಯಾರಿಗಾದ್ರೂ ಆಗ್ತದ ತಂಗಿ. ಒಬ್ಬನ ತಲಿಗೆ ಕಟ್ಟಿ, ದಿನಾ ನಮ್ಮ ಕೂಡ ಕುಂತು ರೊಟ್ಟಿ ತಿಂದ್ಯಲ್ಲಾ... ಅದು ನನಗ ನುಂಗಾಕ ಆಗವಲ್ದು."

ಅವಳು ಎದ್ದು ಹೊರಗೆ ಹೋದಳು. ರೂಪಾಲಿ ತಡೆಯಲಿಲ್ಲ. ತಡೆಯುವ ಮುಖವೂ ಅವಳಿಗಿರಲಿಲ್ಲ.

ಸತ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೆಕ್ರೆಟರಿ ಕೆಲಸ ಇವತ್ತಿಂದ ಬಿಡು. ಹನ್ನೊಂದು ಮಂದಿ ಮನಿಮನಿಗೆ ಹೋಗಿ ಇದನ್ನೇ ಹೇಳು. ಸಖುಬಾಯಿ ಮನಿಗೆ ಬಾಗಿಲು ತೆಗಿಯೋ ತನಕ ಹೋಗು."

"ಆಗ್ಲಿ ಅಕ್ಕಾ. ಕೋಣಿ... ನಾಳಿ ಖಾಲಿ ಮಾಡ್ಲೇನು?"

"ಯಾಕ? ತಪ್ಪು ಮಾಡಿದವ್ರನ್ನೆಲ್ಲಾ ಹೊರಗ ಹಾಕಿದ್ರ ಇಲ್ಲಿ ಉಳಿಯೋದು ಬರೇ ಜಮಖಾನ!" ಸತ್ಯಮ್ಮನ ದನಿ ಒಡೆಯಿತು. "ಈ ಮಾತು ದತ್ತುನ ಪಾಳಿಗೆ ನಮಗ್ಯಾರಿಗೂ ನೆನಪಾಗ್ಲಿಲ್ಲ. ನೀ ಒಂದು ಕೈ ಎತ್ತಿದಿ, ಉಳಿದ ಕೈ ನಾವು ಎತ್ತಿದೆವು. ಅವನ ಮುಂದ ನಾವೆಲ್ಲಾ ನಿಂದ್ರಬೇಕು."

"ನಿಂದ್ರೋದು ಬ್ಯಾಡ್ರಿ ಅಕ್ಕಾ. ನಾನೇ ನಿಂತೀನಿ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ, ಚಪ್ಪಲಿಗಳ ನಡುವೆ, ದತ್ತು! ಮಧ್ಯಾಹ್ನದ ಬಸ್ಸಿಗೆ ಬಂದವನು ಒಳಗೆ ಬರಲು ಮನಸ್ಸಾಗದೆ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಲತೀಫಾ ತಟ್ಟನೆ ಎದ್ದಳು. "ನಾನೂ ಹೇಳಬೇಕ್ರಿ... ದತ್ತುಭಾಯ್ ಆವತ್ತು ಹೋಟೆಲಿಗೆ ಹೋಗಿದ್ದು..."

"ಆಪಾ, ಕುಂಡ್ರು" ಎಂದ ದತ್ತು, ಅಕ್ಕನಿಗೆ ಹೇಳುವಂತೆ.

ರೂಪಾಲಿ ಅವನನ್ನು ನೋಡಿದಳು. ಲತೀಫಾಳನ್ನು ನೋಡಿದಳು. ಪೂರಾ ಗೊತ್ತಾಗದಿದ್ದರೂ ಗೊತ್ತಾಗಬೇಕಾದಷ್ಟು ಗೊತ್ತಾಯಿತು. ಇನ್ನೊಬ್ಬರ ಮರ್ಯಾದೆ ಕಾಯಲು ತನ್ನದನ್ನು ಬಿಟ್ಟುಕೊಟ್ಟ ಮನುಷ್ಯ ಇವನು... ಇವನ ಮೇಲೆ ನಾನು ಕೈ ಎತ್ತಿದೆನಲ್ಲ! ಅವಳಿಗೆ ಅಲ್ಲೇ ನೆಲಕ್ಕಿಳಿದು ಹೋಗಬೇಕೆನಿಸಿತು.

"ಲತೀಫಾ ಆಪಾ, ಯಾರೂ ಏನೂ ಹೇಳೋದು ಬ್ಯಾಡ" ಎಂದಳು. "ಆವತ್ತು ಹಂಗ ಎಲ್ಲರ ಮುಂದ ನಾ ಕೇಳಿದ್ದೂ ನನ್ನ ತಪ್ಪೇ."

ಲತೀಫಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಳು.

*

ಸಭೆ ಮುಗಿದ ಮೇಲೆ ದತ್ತು ಬಸ್ಸಿಗೆ ಹೊರಟ. ರೂಪಾಲಿ ಎರಡು ಹೆಜ್ಜೆ ಹಿಂದೆ ನಡೆದಳು. ಪಕ್ಕಕ್ಕೆ ಬರಲು ಧೈರ್ಯವಿರಲಿಲ್ಲ.

"ಸಿಟ್ಟು ಹೋಗಿಲ್ಲ ನಂದು" ಎಂದ ಅವನು, ತಿರುಗದೆ.

"ಗೊತ್ತದ."

"ರಾತ್ರಿ ಕಣ್ಣು ಮುಚ್ಚಿದ್ರ ನೀ ಕೈ ಎತ್ತಿದ್ದೇ ಕಾಣ್ತದ."

"ನನಗೂ ಅದೇ ಕಾಣ್ತದ."

"ಖರೇ ಹೇಳ್ಲೇನು? ಇವತ್ತು ನೀ ಹೇಳಂಗಿಲ್ಲ ಅನ್ಕೊಂಡು ಬಂದಿದ್ದೆ. ನೀ ಹೇಳದಿದ್ರ ನಿನ್ನ ಮರೀಬೇಕಂತ ಬಂದಿದ್ದೆ."

ರೂಪಾಲಿ ನಿಂತುಬಿಟ್ಟಳು. ಕಣ್ಣೀರು ತಡೆಯಲಾಗಲಿಲ್ಲ. "ದತ್ತು... ಸೆಕ್ರೆಟರಿ ಅಲ್ಲ, ಏನೂ ಅಲ್ಲ ನಾ ಈಗ. ನೀ ಬ್ಯಾಡಂದ್ರ ಬ್ಯಾಡ. ನನಗ ನಿನ್ನ ಮ್ಯಾಲ ಜೀವ ಅದ. ಅಷ್ಟು ಹೇಳಬೇಕಿತ್ತು. ಮತ್ತ... ಆ ಭಾನುವಾರ ಹೋಟೆಲಿಗೆ ಯಾಕ ಹೋಗಿದ್ದಿ ಅಂತ ನಾ ನಿನ್ನ ಎಂದೂ ಕೇಳಂಗಿಲ್ಲ."

ದತ್ತು ತಿರುಗಿದ. ಅವನ ಕಣ್ಣುಗಳೂ ಕೆಂಪಾಗಿದ್ದವು.

"ಎಂದೂ?"

"ಎಂದೂ."

ಅವನು ಎರಡು ಹೆಜ್ಜೆ ಹಿಂದಕ್ಕೆ ಬಂದು, ಮೆಲ್ಲಗೆ ಅವಳ ಬಲಗೈ ಹಿಡಿದುಕೊಂಡ.

"ಮದುವಿ ಆದ ಮ್ಯಾಲೂ ಕೇಳಂಗಿಲ್ಲೇನು, ರೂಪಿ?"