ನಾಲ್ಕನೇ ರೀಲು

ತಗಡಿನ ಮುಚ್ಚಳವನ್ನು ಯಾರೋ ಬಹಳ ಜೋಪಾನವಾಗಿ ನೆಲಕ್ಕಿಟ್ಟಂಥ ಸದ್ದು. ತಾಳ್ಯದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಪ್ರೊಜೆಕ್ಟರಿನ ಮೇಜಿನಡಿ ಮಲಗಿದ್ದ ಆಪರೇಟರ್ ಶಿವಯ್ಯನಿಗೆ ಅದು ಕೇಳಿಸಿತ್ತು. ಎರಡನೇ ಆಟ ಬಿಟ್ಟು ಒಂದು ಗಂಟೆಯಾಗಿತ್ತು. ನಾಯಿಯಿರಬೇಕು ಎಂದುಕೊಂಡು ಅವನು ಮಗ್ಗುಲು ಬದಲಿಸಿದ. ಬೆಳಿಗ್ಗೆ ಎದ್ದು ಎಣಿಸಿದರೆ ಹನ್ನೆರಡು ರೀಲುಗಳಲ್ಲಿ ಹನ್ನೊಂದೇ ಇದ್ದವು.

1978ನೇ ಇಸವಿ ಏಪ್ರಿಲ್ 18, ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ಡೇರೆಯ ಮಾಲೀಕ ತಿಮ್ಮರಾಯಪ್ಪ ಹೊಳಲ್ಕೆರೆ ಠಾಣೆಗೆ ಬಂದು ದೂರು ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಶಿವಕುಮಾರಪ್ಪನವರು ರಾತ್ರಿ ಚಿಕ್ಕಜಾಜೂರಿನಲ್ಲಿ ರೈಲಿಗೆ ಸಿಕ್ಕ ಹೆಣವೊಂದರ ಪಂಚನಾಮೆ ಮುಗಿಸಿ ಆಗತಾನೇ ಬಂದು ಕೂತಿದ್ದರು. ಮುಖಕ್ಕೆ ನೀರು ಹಾಕಿಕೊಂಡಿರಲಿಲ್ಲ. ತಿಮ್ಮರಾಯಪ್ಪನ ಮಾತು ಅವರಿಗೆ ದೂರದಿಂದ ಬಂದಂತೆ ಕೇಳುತ್ತಿತ್ತು.

ಚಿತ್ರ ವೆಸ್ಟ್ ಇಂಡೀಸ್ ಕಡೆಯ ಯಾವುದೋ ದ್ವೀಪದಲ್ಲಿ ಕಡಿಮೆ ಖರ್ಚಿನಲ್ಲಿ ತೆಗೆದದ್ದು. ಒಬ್ಬ ಪೊಲೀಸ್ ಅಧಿಕಾರಿ ಕಳ್ಳಸಾಗಣೆಯವರನ್ನು ಅಟ್ಟಿಸಿಕೊಂಡು ಹೋಗುವುದೇ ಅದರ ಕತೆ. ಬಾಡಿಗೆ ಅಗ್ಗವೆಂದು ತಿಮ್ಮರಾಯಪ್ಪ ತರಿಸಿದ್ದ. ಶುಕ್ರವಾರ ಪೆಟ್ಟಿಗೆಯನ್ನು ರೈಲಿಗೆ ಹಾಕಿ ಹಿಂದಿರುಗಿಸಬೇಕು. ಒಂದು ರೀಲು ಕಮ್ಮಿಯಾದರೂ ಹಂಚಿಕೆದಾರರು ಇನ್ನು ಅವನಿಗೆ ಚಿತ್ರ ಕೊಡುವುದಿಲ್ಲ.

"ಕ್ರಿಕೆಟ್ ಆಡ್ತಾರಲ್ಲ, ಅವರ ದೇಶದ್ದು ಸಾಹೇಬ್ರೆ," ಅಂದ. "ಅಲ್ಲಿ ಪೊಲೀಸರು ಒಂದೇ ಸಮ ಓಡ್ತಿರ್ತಾರೆ."

"ಇಲ್ಲಿ ನಾವು ಬರ್ಕಂತ ಕುಂತಿರ್ತೀವಿ," ಎಂದ ಕಾನ್‌ಸ್ಟೇಬಲ್ ಓಬಣ್ಣ, ಎಫ್‌ಐಆರ್ ಪುಸ್ತಕದಿಂದ ತಲೆಯೆತ್ತದೆ. ಡೇರೆಯೊಳಗಿನ ಕಳವಾದ್ದರಿಂದ ಕಲಂ 380 ಎಂದು ಶಿವಕುಮಾರಪ್ಪನವರು ಬರೆಸಿದರು. ಕಾನೂನಿನಲ್ಲಿ ಡೇರೆಯ ಹೆಸರೂ ಇದೆಯೆಂದು ತಿಳಿದು ತಿಮ್ಮರಾಯಪ್ಪನಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಠಾಣೆಯ ಜೀಪು ಕೆಟ್ಟು ಚಿತ್ರದುರ್ಗದಲ್ಲಿತ್ತು. ಶಿವಕುಮಾರಪ್ಪನವರೂ ಓಬಣ್ಣನೂ ಬಸ್ಸಿನಲ್ಲಿ ತಾಳ್ಯಕ್ಕೆ ಹೋದರು. ಮಧ್ಯಾಹ್ನ ಹನ್ನೆರಡೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಬೆಲೆಬಾಳುವ ಆಂಪ್ಲಿಫೈಯರು, ಲೆನ್ಸುಗಳು ಇದ್ದಲ್ಲೇ ಇದ್ದವು. ಡಬ್ಬಿಗಳ ಅಟ್ಟಿಯಿಂದ ನಾಲ್ಕನೆಯದನ್ನು ಮಾತ್ರ ಎಳೆದು, ಉಳಿದವನ್ನು ಮತ್ತೆ ಸರಿಯಾಗಿ ಜೋಡಿಸಲಾಗಿತ್ತು. ಡೇರೆಯ ಹಿಂಬದಿಯ ಹಗ್ಗ ಬಿಚ್ಚಿ ಒಳಬಂದವರು ಹೋಗುವಾಗ ಅದನ್ನು ತಿರುಗಿ ಕಟ್ಟಿದ್ದರು. ಬೇಲಿಯ ಮುಳ್ಳಿಗೆ ಕರಿ ಕಂಬಳಿಯ ಎಳೆ ಸಿಕ್ಕಿತ್ತು. ಓಬಣ್ಣ ಅದನ್ನು ಕಾಗದದಲ್ಲಿ ಮಡಿಸುತ್ತ, ಈ ಹೋಬಳಿಯಲ್ಲಿ ಕರಿ ಕಂಬಳಿ ಇಲ್ಲದ ಮನೆ ಹುಡುಕುವುದೇ ಕಷ್ಟವೆಂದ.

ಮೊದಲು ಅನುಮಾನ ಬಂದದ್ದು ಜಂಬಣ್ಣನ ಮೇಲೆ. ಪರಭಾಷೆಯ ಚಿತ್ರ ಬಂದಾಗ ಪರದೆಯ ಪಕ್ಕ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳುವುದು ಅವನ ಕೆಲಸ. ಹಿಂದಿನ ವಾರವಷ್ಟೇ ಮಾಲೀಕನ ಜತೆ ಜಗಳವಾಡಿದ್ದ.

"ಇಂಗ್ಲಿಷ್ ಬರ್ತೈತೇನಪ್ಪ?" ಎಂದು ಶಿವಕುಮಾರಪ್ಪನವರು ಕೇಳಿದರು.

"ಏಳನೇ ಕ್ಲಾಸಿನ ತಂಕ ಓದೀನಿ ಸಾರ್."

"ಅವರು ಆಡೋದು ತಿಳೀತೈತಾ?"

"ಅದು ಇಂಗ್ಲಿಷ್ ಹೌದೋ ಅಲ್ವೋ ಅನ್ನೋದೇ ತಿಳಿಯಂಗಿಲ್ಲ."

"ಮತ್ತೆ ಮೈಕಲ್ಲಿ ಏನು ಹೇಳ್ತೀಯ?"

"ಬಾಯಿಗೆ ಬಂದದ್ದು," ಎಂದ ಜಂಬಣ್ಣ, ನಾಚಿಕೆಯಿಲ್ಲದೆ. "ಕತೆ ಕುಂತ ಜನಕ್ಕೆ ಒಗ್ಗಿದ್ರೆ ಸಾಕಲ್ರಿ."

ಕಳವಾದ ಹೊತ್ತಿಗೆ, ರಾತ್ರಿ ಎರಡಕ್ಕೆ, ಅವನು ಹೋಟೆಲ್ಲಿನ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಮಲಗಿದ್ದ. ನಾಲ್ವರೂ ಅವನ ಗೊರಕೆಯ ಬಗ್ಗೆ ಹೇಳಿಕೆ ಕೊಟ್ಟರು.

ಕೊನೆಯ ಬಸ್ಸು ತಪ್ಪಿತು. ಅಂದಿನ ಮೊದಲ ಆಟವನ್ನು ಶಿವಕುಮಾರಪ್ಪನವರು ಆಪರೇಟರನ ಪಕ್ಕ ಸ್ಟೂಲು ಹಾಕಿಕೊಂಡು ನೋಡಿದರು. ಪ್ರೊಜೆಕ್ಟರ್ ಒಂದೇ ಆದ್ದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು. ಪರದೆಯ ಮೇಲಿನ ಅಧಿಕಾರಿ ಓಡುವ ಕಾರಿನಿಂದ ಹಾರಿದ. ಸಮುದ್ರದ ದಡದಲ್ಲಿ ಒಂದೇ ಏಟಿಗೆ ಮೂವರನ್ನು ಕೆಡವಿದ. ಅವನ ಅಂಗಿಯ ಇಸ್ತ್ರಿ ಕೆಡಲಿಲ್ಲ. ನಮ್ಮ ಠಾಣೆಯ ಬಂದೂಕು ಹಾರಿಸಿದರೆ ಹಾರಿಸಿದವನ ಭುಜವೇ ಹೋಗುತ್ತದೆಂದು ಓಬಣ್ಣ ಪಿಸುಗುಟ್ಟಿದ.

ಮೂರನೇ ರೀಲು ಮುಗಿಯಿತು. ನಾಲ್ಕನೆಯದು ಇಲ್ಲ. ಜನ ಗಲಾಟೆ ಮಾಡಬಾರದೆಂದು ಶಿವಯ್ಯ ಬರಿಯ ಬಿಳಿ ಬೆಳಕು ಬಿಟ್ಟ. ಖಾಲಿ ಪರದೆಯ ಪಕ್ಕ ನಿಂತು ಜಂಬಣ್ಣ ದಿನದಂತೆ ಕತೆ ಹೇಳಿದ.

"ಗಂಡ ನೀರಿಗೆ ಬಿದ್ದಾನೆ. ಕೈಯೆತ್ತಿ ಕರೀತಾನೆ. ಹೆಂಡ್ತಿ ದಡದ ಮ್ಯಾಲೆ ಹಗ್ಗ ಹಿಡ್ಕಂಡು ನಿಂತಾಳೆ. ಎಸಿಯಲ್ಲ. ಯಾರೂ ನೋಡ್ಲಿಲ್ಲ ಅಂದ್ಕಂಡಾಳೆ. ಆದ್ರೆ ಇನ್ಸ್‌ಪೆಕ್ಟರು ಬರ್ತಾನೆ. ಇವತ್ತಲ್ಲ ನಾಳೆ ಬಂದೇ ಬರ್ತಾನೆ."

ಡೇರೆಯೊಳಗೆ ಒಂದು ಕೆಮ್ಮೂ ಇಲ್ಲ. ಕಂಬಕ್ಕೆ ಕಟ್ಟಿದ ಧ್ವನಿವರ್ಧಕ ಅದೇ ಮಾತನ್ನು ಹೊರಗಿನ ಬಯಲಿಗೂ ಹೇಳುತ್ತಿತ್ತು.

ಆ ರೀಲಿನಲ್ಲಿ ನಿಜಕ್ಕೂ ಇರುವುದೇನೆಂದು ಶಿವಕುಮಾರಪ್ಪನವರು ಕೇಳಿದರು. ಹೆಂಗಸೊಬ್ಬಳು ದೋಣಿ ಕಟ್ಟಲು ಹಗ್ಗ ಹಿಡಿದು ನಿಂತಿರುತ್ತಾಳೆ, ಯಾರೋ ಒಬ್ಬ ಈಜುತ್ತಿರುತ್ತಾನೆ, ಅಷ್ಟೆ ಎಂದ ಶಿವಯ್ಯ. ಉಳಿದದ್ದೆಲ್ಲ ಜಂಬಣ್ಣ ಕಳೆದ ಶುಕ್ರವಾರದ ಮೊದಲ ಆಟದಲ್ಲಿ ಕಟ್ಟಿದ್ದು. ಜನ ಉಸಿರು ಹಿಡಿದು ಕೇಳಿದರೆಂದು ಅಂದಿನಿಂದ ಅದನ್ನೇ ಹೇಳುತ್ತಿದ್ದ.

ಮರುದಿನ, ಬುಧವಾರ, ಡೇರೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ವಿಚಾರಿಸಿದರು. ಸಂಜೆ ನಾಲ್ಕರ ಹೊತ್ತಿಗೆ ಕೊನೆಯವಳಾಗಿ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಗಂಗಕ್ಕ ಬಂದಳು. ಬಾಯಿತುಂಬ ಎಲೆಯಡಿಕೆಯಿತ್ತು. ದಿನವೂ ಬಂದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

"ಒಬ್ಬಾಕಿ ನಾಕು ದಿನ ಬಂದ್ಲು. ಸಿನಿಮಾದ ಹುಚ್ಚು ಅಂದ್ರೆ ಅದೂ ಅಲ್ಲ ಬಿಡ್ರಿ. ನಾಕನೇ ರೀಲ್ ಮುಗೀತಿದ್ದಂಗೆ ಎದ್ದು ಹೋಗೋಳು. ಕೊನೇ ದಿನ ಪರದೆ ಕಡೆ ನೋಡಲೇ ಇಲ್ಲ. ಡಬ್ಬಿಗಳ ಕಡೆ ಮುಖ ಮಾಡಿ ಕುಂತಿದ್ಲು."

"ಯಾರು?"

"ಹಳ್ಳದ ಹಟ್ಟಿ ಗಿರಿಯಮ್ಮ. ಪಾಪ, ಗಂಡ ಇಲ್ಲ. ಬಾವಿಗೆ ಬಿದ್ದು ಹೋದ."

ಶಿವಕುಮಾರಪ್ಪನವರ ಪೆನ್ನು ಅಲ್ಲೇ ನಿಂತಿತು. ಕೊನೆಯ ಮಾತನ್ನು ಅವರು ಹೇಳಿಕೆಯಲ್ಲಿ ಬರೆಯಲಿಲ್ಲ.

ಏಪ್ರಿಲ್ 20, ಗುರುವಾರ, ಬೆಳಿಗ್ಗೆ ಏಳೂವರೆ. ಪಂಚರಾಗಿ ಹಟ್ಟಿಯ ಹಿರಿಯ ಚಿತ್ರಲಿಂಗಪ್ಪನನ್ನೂ ಇನ್ನೊಬ್ಬನನ್ನೂ ಕರೆದುಕೊಂಡು ಹೋದರು. ಗಿರಿಯಮ್ಮ ಕುರಿಗಳನ್ನು ಇನ್ನೂ ಬಿಟ್ಟಿರಲಿಲ್ಲ. ನಲವತ್ತೈದರ ಆಸುಪಾಸಿನ ಹೆಂಗಸು. ಅವರನ್ನು ಕಂಡು ಗಾಬರಿಯಾಗಲಿಲ್ಲ. ಕಂಬಳಿ ಹಾಸಿ, "ಕುಂತ್ಕಳ್ರಿ ಸಾಮಿ. ನೀವು ಬರ್ತೀರಂತ ಮೈಕಲ್ಲಿ ಹೇಳ್ತಿದ್ರು," ಅಂದಳು.

ಡಬ್ಬಿ ಕುರಿಗೊಬ್ಬರದ ಗುಡ್ಡೆಯಲ್ಲಿದೆಯೆಂದು ತಾನೇ ತೋರಿಸಿದಳು. ಓಬಣ್ಣನೂ ಪಂಚರೂ ಅಗೆಯಲು ಆಚೆ ಹೋದರು. ಜಗಲಿಯಲ್ಲಿ ಇಬ್ಬರೇ ಉಳಿದರು. ಒಳಗೆ ಒಲೆಯ ಮುಂದೆ ಮಗಳು ಪಾಲಮ್ಮ ಮುದ್ದೆ ತೊಳಸುತ್ತಿದ್ದಳು. ಎಡಗೈಯ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ಕೋಲನ್ನು ಕಂಕುಳಿಗೆ ಅವಚಿಕೊಂಡು ಒಂದೇ ಕೈಯಲ್ಲಿ ತಿರುವುತ್ತಿದ್ದಳು.

"ಡಬ್ಬಿ ಯಾಕಮ್ಮ ತಂದೆ?"

ಗಿರಿಯಮ್ಮ ದನಿ ತಗ್ಗಿಸಿದಳು. "ನನ್ನ ಸಂಗತಿ ಅದರಾಗಿತ್ತು. ಅದನ್ನ ತಂದ್ರೆ ಹೇಳೋದು ನಿಲ್ತೈತೆ ಅಂದ್ಕಂಡೆ. ನಿಲ್ಲಲಿಲ್ಲ. ತಂದ ಮಾರನೇ ದಿನಾನೂ ಹೇಳ್ತು. ಇಲ್ಲಿ ತಂಕ ಕೇಳ್ತೈತೆ ಸಾಮಿ."

ಅವರು ಕೇಳದಿದ್ದರೂ ಉಳಿದದ್ದನ್ನು ಅವಳೇ ಹೇಳಿದಳು. ಗಂಡ ಕರಿಸಿದ್ದಪ್ಪ ಕುಡಿದು ಬಂದು ಹೊಡೆಯುತ್ತಿದ್ದ. ತನ್ನನ್ನು ಹೊಡೆಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಆರು ವರ್ಷದ ಹಿಂದೆ ಒಂದು ದಿನ, ಆಗ ಹದಿಮೂರರ ಮಗಳ ಕೈಯನ್ನು ಒನಕೆಯಲ್ಲಿ ಮುರಿದ. ಮೂರನೇ ದಿನ ಬಾವಿಯ ಕಟ್ಟೆಯ ಮೇಲೆ ಕೂತವನು ತಾನಾಗಿಯೇ ಜಾರಿ ಬಿದ್ದ. ಅವಳು ತಳ್ಳಲಿಲ್ಲ. ಕೂಗಿದ. ನೀರು ಸೇದುವ ಹಗ್ಗ ಅವಳ ಕೈಯಲ್ಲೇ ಇತ್ತು.

"ಕೆಳಗೆ ಬಿಡಬೇಕು ಅಂತ್ಲೇ ಹಿಡಿದಿದ್ದೆ. ಕೈ ಬಿಡ್ಲಿಲ್ಲ. ಕೂಗು ನಿಲ್ಲೋ ತಂಕ ಹಂಗೇ ನಿಂತಿದ್ದೆ. ನನ್ನ ಏನಾದ್ರೂ ಮಾಡ್ರಿ. ಆ ಹುಡುಗಿಗೆ ಗೊತ್ತಾಗೋದು ಬ್ಯಾಡ. ನಾನಿಲ್ದಿದ್ರೆ ಅದಕ್ಕೆ ಯಾರೂ ಇಲ್ಲ."

ಶಿವಕುಮಾರಪ್ಪನವರು, ಆ ಕತೆ ಡಬ್ಬಿಯಲ್ಲಿ ಇಲ್ಲ, ಜಂಬಣ್ಣ ಬಾಯಿಗೆ ಬಂದಂತೆ ಕಟ್ಟಿ ಹೇಳಿದ್ದು ಎಂದರು.

ಅವಳಿಗೆ ಅರ್ಥವಾಗಲು ಸಮಯ ಹಿಡಿಯಿತು.

"ಹಂಗಾದ್ರೆ ಯಾರಿಗೂ ಗೊತ್ತಿರ್ಲಿಲ್ವಾ?"

"ಇಲ್ಲ."

"ಈಗ ನಿಮಗೆ ಗೊತ್ತಾತು," ಎಂದು ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಓಬಣ್ಣ ಡಬ್ಬಿಯನ್ನು ತಟ್ಟಿ ಗೊಬ್ಬರ ಉದುರಿಸುತ್ತ ಬಂದ. ಒಳಗಿನ ಸುರುಳಿಗೆ ಏನೂ ಆಗಿರಲಿಲ್ಲ. ಎಂಟೂವರೆಗೆ ಡಬ್ಬಿ ವಶಪಡಿಸಿಕೊಂಡ ಪಂಚನಾಮೆ ಮುಗಿಯಿತು. ಗಿರಿಯಮ್ಮನನ್ನು ದಸ್ತಗಿರಿ ಮಾಡಿದ್ದಾಗಿ ಬರೆದುಕೊಂಡರು. ಮಗಳಿಗೆ ಸಂಜೆಯೋ ನಾಳೆಯೋ ಬರುತ್ತೇನೆ, ಕುರಿ ಬಿಡು ಎಂದಷ್ಟೇ ಹೇಳಿ ಅವಳು ಹೊರಟಳು. ಚಿತ್ರಲಿಂಗಪ್ಪ ಜಾಮೀನಿಗೆ ನಿಲ್ಲಲು ಅದೇ ಬಸ್ಸು ಹತ್ತಿದ.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಓಬಣ್ಣನ ಪೆನ್ನು ಒಂದು ಕಡೆ ನಿಂತಿತು.

"ಯಾಕೆ ಕದ್ಲು ಅಂತ ಬರೀಲಿ ಸರ್?"

"ರೀಲಿನೊಳಗೆ ಏನಿರುತ್ತದೆಂದು ನೋಡುವ ಕುತೂಹಲದಿಂದ," ಎಂದರು ಶಿವಕುಮಾರಪ್ಪನವರು. ಗಿರಿಯಮ್ಮ ಒಮ್ಮೆ ತಲೆಯೆತ್ತಿ ಅವರನ್ನು ನೋಡಿ, ಹೆಬ್ಬೆಟ್ಟು ಒತ್ತಿದಳು. ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ನ್ಯಾಯಾಲಯದ ಅಪ್ಪಣೆಯ ಮೇಲೆ ತಿಮ್ಮರಾಯಪ್ಪ ಮುಚ್ಚಳಿಕೆ ಬರೆದುಕೊಟ್ಟು ರೀಲು ತೆಗೆದುಕೊಂಡು ಹೋದ.

ಸಂಜೆ ಎಲ್ಲರೂ ಹೋದ ಮೇಲೆ ಅವರು ಬೀರುವಿನಿಂದ 1972ರ ಅಸಹಜ ಸಾವುಗಳ ಕಟ್ಟು ತೆಗೆದರು. ಅವರ ಹಿಂದಿನವರ ಕಾಲದ್ದು. ಕರಿಸಿದ್ದಪ್ಪನದು ಎರಡೇ ಹಾಳೆ. ಕುಡಿದ ಅಮಲಿನಲ್ಲಿ ಕಾಲು ಜಾರಿ ಬಿದ್ದು ಮೃತನಾಗಿರುತ್ತಾನೆ, ಯಾರ ಮೇಲೂ ಅನುಮಾನವಿಲ್ಲ. ಪಂಚನಾಮೆಯ ಕೆಳಗಡೆ ಯಾರೋ ಶ್ರದ್ಧೆಯಿಂದ ಬರೆದಿದ್ದರು: ಕಟ್ಟೆಯ ಮೇಲೆ ಸೇದುವ ಹಗ್ಗ ಒಂದು, ಸುತ್ತಿಟ್ಟಿದ್ದು, ಒಣಗಿದೆ.

ಆರು ವರ್ಷದಿಂದ ಆ ಸಾಲು ಅಲ್ಲೇ ಇತ್ತು. ಸಹಿ ಹಾಕಿದ ಯಾರೂ ಅದನ್ನು ಓದಿರಲಿಲ್ಲ, ಅಥವಾ ಓದಿ ಸುಮ್ಮನಿದ್ದರು. ಹಗ್ಗ ಇಳಿಬಿಡದೆ ನಿಂತದ್ದು ಕಾನೂನಿನಲ್ಲಿ ಯಾವ ಕಲಮಿಗೆ ಬರುತ್ತದೆ, ಬರುತ್ತದೆಯೋ ಇಲ್ಲವೋ, ಅವರಿಗೆ ಖಾತ್ರಿಯಿರಲಿಲ್ಲ. ಚಿತ್ರದುರ್ಗದ ಸಾಹೇಬರನ್ನು ಕೇಳಬಹುದಿತ್ತು. ಕೇಳಿದರೆ ಯಾರ ವಿಷಯವೆಂದು ಅವರೂ ಕೇಳುತ್ತಾರೆ.

ಊಟ ಮುಗಿಸಿ ಬಂದ ಓಬಣ್ಣ ಬಾಗಿಲಲ್ಲಿ ನಿಂತು, ಏನು ಹುಡುಕುತ್ತಿದ್ದೀರೆಂದು ಕೇಳಿದ.

"ಏನಿಲ್ಲ," ಎಂದು ಶಿವಕುಮಾರಪ್ಪನವರು ಕಟ್ಟಿನ ದಾರ ಬಿಗಿದರು. ಮನೆಯಲ್ಲಿ ಹೆಂಡತಿ ಕೇಳಿದರೂ, ಮುಂದೊಮ್ಮೆ ಈ ಕುರ್ಚಿಗೆ ಬರುವವರು ಕೇಳಿದರೂ, ಇದೇ ಉತ್ತರವೆಂದು ಆಗಲೇ ನಿರ್ಧರಿಸಿಯಾಗಿತ್ತು.