ರಾಗಿಣಿಯ ಹಳದಿ ಲಂಗ

“ಮೆಷಿನ್ ಆಯಿಲ್ ಬಿತ್ತು ಅಂತ ಹೇಳ್ಬಿಡಮ್ಮಾ, ಪ್ಲೀಸ್!”

ತುಂಗಾ ಗೋಗರೆದಳು. ಅಮ್ಮ ಬಚ್ಚಲಲ್ಲಿ ಕೂತು ಹಳದಿ ಲಂಗದ ಮೇಲಿನ ಕೆಂಪು ಕಲೆಗೆ ನಿಂಬೆಹಣ್ಣು ಉಜ್ಜುತ್ತಲೇ ಇದ್ದಳು. ಕಲೆ ಹೋಗಲಿಲ್ಲ. ಇನ್ನೂ ಅಗಲವಾಯಿತು.

ಲಂಗ ತುಂಗಾಳದ್ದಲ್ಲ. ಮೂಡಲಪಾಳ್ಯದ ಒಂದು ಕೋಣೆಯ ಮನೆಯಲ್ಲಿ ಅಮ್ಮ ಬೇರೆಯವರ ಬಟ್ಟೆ ಹೊಲಿಯುತ್ತಾಳೆ. ಯಶೋದಮ್ಮ ಎಂಬ ಅಜ್ಜಿ ತಮ್ಮ ಮೊಮ್ಮಗಳ ಹೊಸ ಲಂಗವನ್ನು ಉದ್ದ ಕಡಿಮೆ ಮಾಡಿಸಲು ಕೊಟ್ಟುಹೋಗಿದ್ದರು.

ನಿನ್ನೆ ಬಸವೇಶ್ವರನಗರದಲ್ಲಿ ಗೆಳತಿ ಸ್ಮೃತಿಯ ಬರ್ತ್‌ಡೇ ಪಾರ್ಟಿ ಇತ್ತು. ತುಂಗಾಳ ಹತ್ತಿರ ಇದ್ದದ್ದು ಎರಡು ವರ್ಷ ಹಳೆಯ ಫ್ರಾಕು. ಅಮ್ಮ ಯಾರದೋ ಅಳತೆ ತೆಗೆಯಲು ಕೆಂಗೇರಿಗೆ ಹೋಗಿದ್ದಳು. ಅಮ್ಮ ಉದ್ದ ಕಡಿಮೆ ಮಾಡಿ ಮುಗಿಸಿಟ್ಟಿದ್ದ ಲಂಗವನ್ನು ತುಂಗಾ ಸುಮ್ಮನೆ ಹಾಕಿ ನೋಡಿದಳು. ಅವಳಿಗೇ ಹೊಲಿದ ಹಾಗಿತ್ತು. ಹಾಗೇ ಹೊರಟುಬಿಟ್ಟಳು.

“ವಾವ್! ಹೊಸದೇನೇ?” ಎಂದಳು ಸ್ಮೃತಿ.

“ಹೂಂ ಕಣೇ. ಅಮ್ಮ ಕೊಡ್ಸಿದ್ದು.”

ಸ್ವಲ್ಪ ಹೊತ್ತು ಎಲ್ಲರೂ ಅವಳನ್ನೇ ನೋಡಿದರು. ಆಮೇಲೆ ಯಾರದೋ ಮೊಣಕೈ ತಗುಲಿ ಗೋಬಿ ಮಂಚೂರಿ ಪ್ಲೇಟು ಅವಳ ಮಡಿಲಿಗೆ ಬಿತ್ತು. ಮನೆಗೆ ಬಂದು, ಕಲೆ ಒಳಗಾಗುವಂತೆ ಲಂಗವನ್ನು ಮಡಚಿ ಇದ್ದ ಜಾಗದಲ್ಲೇ ಇಟ್ಟಳು. ಬೆಳಗ್ಗೆ ಇಸ್ತ್ರಿ ಮಾಡಲು ಬಿಡಿಸಿದಾಗ ಅಮ್ಮ ನೋಡಿದಳು.

“ಆಯಿಲ್ ಅಂದ್ರೆ ಅಜ್ಜಿ ನಂಬ್ತಾರಮ್ಮ.”

“ನಂಬ್ತಾರೆ,” ಎಂದಳು ಅಮ್ಮ. “ಹತ್ತು ವರ್ಷದಿಂದ ನಾನು ಹೇಳಿದ್ದೆಲ್ಲಾ ನಂಬಿದಾರೆ.”

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಯಶೋದಮ್ಮನ ಜೊತೆ ಮೊಮ್ಮಗಳು ರಾಗಿಣಿಯೂ ಬಂದಿದ್ದಳು. ತುಂಗಾಳಷ್ಟೇ ಎತ್ತರ. ಜಡೆಯ ತುಂಬಾ ಮಲ್ಲಿಗೆ, ಕಣ್ಣಿಗೆ ದಪ್ಪ ಕಾಡಿಗೆ.

“ಆಂಟಿ, ಲಂಗ ರೆಡಿನಾ? ಮೂರು ಗಂಟೆಗೆ ಸ್ಕೂಲ್ ಡೇ! ನಾನು ಫಸ್ಟ್ ರೋನಲ್ಲಿ ಡ್ಯಾನ್ಸ್ ಮಾಡ್ತೀನಿ.”

ಅಮ್ಮ ಒದ್ದೆ ಲಂಗವನ್ನು ತಂದು ಕಲೆ ಕಾಣುವಂತೆ ಹಿಡಿದಳು.

“ತಪ್ಪಾಗಿದೆ ಯಶೋದಮ್ಮೋರೆ. ನನ್ ಮಗಳು ಇದನ್ನ ಹಾಕ್ಕೊಂಡು ಪಾರ್ಟಿಗೆ ಹೋಗಿದ್ಲು. ನಾನು ಜೋಪಾನ ಮಾಡ್ಬೇಕಿತ್ತು. ಇಂಥದ್ದೇ ಬಟ್ಟೆ ತಂದು ಹೊಸದು ಹೊಲ್ಕೊಡ್ತೀನಿ.”

ರಾಗಿಣಿ ಬೆರಳಿನಿಂದ ಕಲೆಯನ್ನು ಮುಟ್ಟಿದಳು.

“ನೀನು ಹಾಕ್ಕೊಂಡ್ಯಾ?”

ತುಂಗಾ ಹೌದೆಂದು ತಲೆಯಾಡಿಸಿದಳು.

“ನಾನೇ ಇನ್ನೂ ಒಂದ್ಸಲಾನೂ ಹಾಕ್ಕೊಂಡಿರ್ಲಿಲ್ಲ.”

ಕಾಡಿಗೆ ಕೆನ್ನೆಗೆ ಇಳಿಯಿತು. ಅಜ್ಜಿ ಅವಳ ಕೈ ಹಿಡಿದು ಕರೆದುಕೊಂಡು ಹೋದರು. ತುಂಗಾಳ ಬಾಯಿಂದ ‘ಸಾರಿ’ ಹೊರಬರುವ ಹೊತ್ತಿಗೆ ಅವರು ರಸ್ತೆಯ ತಿರುವು ದಾಟಿದ್ದರು.

ನಾಲ್ಕು ದಿನ ಕೂತು ಅಮ್ಮ ಹೊಸ ಲಂಗ ಹೊಲಿದಳು. ಯಶೋದಮ್ಮ ಬಂದು ತೆಗೆದುಕೊಂಡು, “ಚೆನ್ನಾಗಿದೆ” ಎಂದರು. ಆಮೇಲೆ ಅವರು ಬರಲೇ ಇಲ್ಲ.

ಸ್ಮೃತಿಗೆ ನಿಜ ಹೇಳಲು ತುಂಗಾಳಿಗೆ ಮೂರು ವಾರ ಬೇಕಾಯಿತು.

“ಮತ್ತೆ ನಿಂದು ಅಂತ ಯಾಕೆ ಹೇಳ್ದೆ?” ಎಂದು ಸ್ಮೃತಿ ಕೇಳಿದಳು.

ಆ ಸಂಜೆ ತುಂಗಾ ಅಮ್ಮನನ್ನು ಕೇಳಿದಳು, “ಆಯಿಲ್ ಅಂದಿದ್ರೆ ಯಶೋದಮ್ಮಜ್ಜಿ ಇನ್ನೂ ಬರ್ತಾ ಇದ್ರಲ್ವಾ?”

“ಬರ್ತಾ ಇದ್ರು. ನಂಗೇ ಅವ್ರ ಮುಖ ನೋಡಕ್ಕಾಗ್ತಿರ್ಲಿಲ್ಲ.” ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. “ನಮ್ಗೇನು ಕಮ್ಮಿ ಆಗಿದೆ ಈಗ? ಏಳು, ಮುದ್ದೆ ಆರೋಗತ್ತೆ.”

ಅಮ್ಮ ಎಂದಿನಂತೆ ಎರಡು ಮುದ್ದೆ ಉಂಡಳು. ತುಂಗಾಳಿಗೆ ಒಂದೂ ಸೇರಲಿಲ್ಲ.

ಮುಂದಿನ ತಿಂಗಳು ಹೊಸಬರೊಬ್ಬರು ನೀಲಿ ಫ್ರಾಕು ಕೊಟ್ಟುಹೋದರು. ಅಮ್ಮ ಅದನ್ನು ಕಿಟಕಿಯ ಸರಳಿಗೆ ನೇತುಹಾಕಿ ಚಪ್ಪಲಿ ಮೆಟ್ಟಿದಳು.

“ಬಟನ್ ತರ್ತೀನಿ. ಮನೆ ಕಡೆ ನೋಡ್ಕೋ.”

ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಅಮ್ಮ ಹಾಕಲಿಲ್ಲ. ಹಾಕಿದ್ದರೇ ಚೆನ್ನಾಗಿತ್ತು ಎಂದು ತುಂಗಾಳಿಗೆ ಅನ್ನಿಸಿತು.

ಫ್ರಾಕಿಗೆ ಪಿನ್ ಚುಚ್ಚಿದ ಚೀಟಿಯಲ್ಲಿ ‘ಸಿಂಚನಾ’ ಎಂದು ಬರೆದಿತ್ತು. ಯಾರೋ ಏನೋ. ಫ್ರಾಕು ಇವತ್ತು ಬರತ್ತಾ, ನಾಳೆ ಬರತ್ತಾ ಎಂದು ಮನೆಯಲ್ಲಿ ಕೇಳುತ್ತಿರಬಹುದು.

ತುಂಗಾ ಸಾರನ್ನದ ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. ಫ್ರಾಕಿನಿಂದ ದೂರ, ಮೆಟ್ಟಿಲ ಮೇಲೆ ಕೂತು ಊಟ ಮಾಡಿದಳು.