ಒಂದೇ ಒಂದು ಚಮಚ

ಹಾಲಿನ ಅಲರ್ಜಿ ಇರಬಹುದು, ನಾಲ್ಕು ವಾರ ಮಾಮೂಲಿ ಹಾಲಿನ ಪುಡಿ ಬೇಡವೇ ಬೇಡ, ಅಂಥ ಮಕ್ಕಳಿಗೆಂದೇ ಇರುವ ಈ ಬೇರೆ ಪುಡಿ ಮಾತ್ರ ಎಂದು ಬರೆದುಕೊಟ್ಟಿದ್ದೆ. ನಾಲ್ಕು ವಾರ ಬಿಟ್ಟು ಕರೆತಂದರೆ ಮಗುವಿನ ಕೆನ್ನೆ ಹಾಗೇ ಕೆಂಪು, ಡೈಪರ್‌ನಲ್ಲಿ ಅದೇ ರಕ್ತದ ಗೆರೆ.

"ನಾನು ಹೇಳಿದ ಪುಡೀನೇ ಕೊಟ್ರಾ?"

"ಅದನ್ನೇ ಕೊಟ್ಟೆ," ಎಂದ ಮಗುವಿನ ಸೋದರಮಾವ. ಅಕ್ಕ ಕೆಲಸಕ್ಕೆ ಹೋದಾಗ ಅವಳ ಐದು ತಿಂಗಳ ಮಗಳನ್ನು ನೋಡಿಕೊಳ್ಳುವ ದರ್ಜಿ ಅವನು. ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಕ್ಲಿನಿಕ್ಕಿಗೆ ಬರುತ್ತಿದ್ದ. "ಜೊತೆಗೆ ಹಳೇ ಪುಡಿ, ಒಂದೇ ಒಂದು ಚಮಚ. ರುಚಿಗೆ."

"ರುಚಿಗೆ?"

"ನಾನು ಕುಡಿದು ನೋಡ್ದೆ ಡಾಕ್ಟ್ರೇ. ವಿಷದಂಥ ಕಹಿ! ಪಾಪ, ಹೇಗೆ ಮುಖ ಕಿವುಚ್ತಿತ್ತು ಗೊತ್ತಾ?"

ಒಂದು ತಿಂಗಳ ಕೆಲಸ ನೀರಲ್ಲಿ ಹೋಮ. ಈ ಮನುಷ್ಯನ ಕಣ್ಣು ಬೇರೆ ಇಷ್ಟು ಚೆನ್ನಾಗಿರಬಾರದಿತ್ತು. ಬೈಯಲು ಬಾಯಿ ತೆರೆದಾಗಲೆಲ್ಲ ಅಡ್ಡ ಬರುತ್ತಿದ್ದವು.

"ಮೊದಲಿಂದ ಶುರು ಮಾಡಿ. ಪ್ರತಿ ವಾರ ಬಂದು ತೋರಿಸ್ಬೇಕು."

"ಪ್ರತಿ ವಾರಾನಾ?" ಬಹುಮಾನ ಬಂದವನ ಹಾಗೆ ನಕ್ಕ.

ತಪ್ಪದೆ ಬಂದ. ನನ್ನ ಕೋಟಿನ ತೋಳು ಅರ್ಧ ಇಂಚು ಉದ್ದ ಎಂದ. ಎಡ ಭುಜ ತುಸು ಇಳಿದಿದೆ ಎಂದ. "ಮಗು ನೋಡಿ, ನನ್ನನ್ನಲ್ಲ," ಎಂದು ಗದರಿದೆ. ಅವನು ಹೋದ ಮೇಲೆ ಕನ್ನಡಿಯಲ್ಲಿ ಭುಜ ನೋಡಿಕೊಂಡೆ. ಛೆ, ಇಳಿದಿತ್ತು.

ನಾಲ್ಕನೇ ವಾರಕ್ಕೆ ಮಗುವಿನ ಕೆನ್ನೆ ತಿಳಿಯಾಯಿತು, ರಕ್ತ ನಿಂತಿತು.

"ಈಗ ಹಳೇ ಪುಡಿ ಮತ್ತೆ ಕೊಡಿ," ಎಂದೆ. "ಮೊದಲ ಸಲ ಇಲ್ಲೇ, ನನ್ನ ಕಣ್ಣೆದುರಿಗೆ."

ಅವನು ಎದ್ದು ನಿಂತ. "ಕೊಟ್ಟಾಗ ಬೈದ್ರಿ. ವಾಸಿಯಾದ ಮೇಲೆ ಕೊಡಿ ಅಂತೀರಾ? ತಲೆ ನೆಟ್ಟಗಿದೆಯಾ ನಿಮಗೆ?"

"ರಕ್ತ ಮತ್ತೆ ಬಂದ್ರೆ ಮಾತ್ರ ಹಾಲಿನ ಅಲರ್ಜಿ ಅಂತ ಖಚಿತ. ಇಲ್ದಿದ್ರೆ ಇವಳು ಸುಮ್ಮಸುಮ್ಮನೆ ಆ ಕಹಿ ಕುಡೀಬೇಕು."

ಮಗುವನ್ನು ಎದೆಗವಚಿಕೊಂಡು ಮತ್ತೆ ಕೂತ. ಆಮೇಲೆ ಬಾಟಲಿ ಕೈಗೆತ್ತಿಕೊಂಡ. ತಾನೇ ಕುಡಿಸಿದ.

ಮೂರನೇ ದಿನ ಬೆಳಿಗ್ಗೆ ಓಡಿ ಬಂದ. ಒಂದು ತೋಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕವರಿಗೆ ಸುತ್ತಿದ ಡೈಪರ್. ರಕ್ತದ ಗೆರೆ. ಅವನ ಕಣ್ಣಲ್ಲಿ ನೀರು.

"ನಾನೇ ಇಷ್ಟು ದಿನ ಇವಳಿಗೆ ನೋವು ಕೊಟ್ಟೆ ಡಾಕ್ಟ್ರೇ. ಮುದ್ದು ಮಾಡ್ತೀನಿ ಅಂದ್ಕೊಂಡು."

"ಗೊತ್ತಿಲ್ದೆ ಕೊಟ್ರಿ. ಇವತ್ತಿಂದ ಹಳೇದು ನಿಲ್ಸಿ, ವಾಸಿಯಾಗ್ತಾಳೆ. ಎಷ್ಟೋ ಮಕ್ಕಳಿಗೆ ಬೆಳೀತಾ ಬೆಳೀತಾ ಇದು ಹೋಗೇ ಬಿಡುತ್ತೆ." ಬೈಯಬೇಕೆಂದಿದ್ದ ಮಾತು ಒಂದೂ ಬರಲಿಲ್ಲ. ನನಗೆ ಈ ಮನುಷ್ಯ ಬೇಕಾಗಿದ್ದ, ಅಷ್ಟೇ. "ಆರು ತಿಂಗಳು ಬಿಟ್ಟು ಬನ್ನಿ."

"ಆರು ತಿಂಗಳಾ?" ಅವನ ಮುಖ ಬಾಡಿತು. ಏನನ್ನೋ ಕೇಳಬೇಕೆಂದು ಕೇಳಲಾರದೆ ಬಾಗಿಲವರೆಗೆ ಹೋದ, ನಿಂತ, ಮತ್ತೆ ಹೊರಟ. ಎಲ್ಲವನ್ನೂ ನಾನೇ ಹೇಳಬೇಕು ಇವನಿಗೆ!

"ರೀ, ಆರು ತಿಂಗಳು ಮಗುವಿಗೆ," ಎಂದೆ. "ನೀವು ನಾಳೆ ಸಂಜೆ ಐದೂವರೆಗೆ ಬನ್ನಿ. ಒಬ್ಬರೇ."